ಕೇಸು ಇದ್ದಷ್ಟು ಕಾಲು ಚಾಚು!

ಚರ್ಮದ ಪೌಚು ಹೊಲಿಯುವವರ ಹೊಟ್ಟೆಪಾಡು ಬೆರಳಗಲದ ‘ಫುಟ್’ ಮೇಲೆ ನಿಂತಿದೆ

ಕಲ್ಯಾಣ ನಗರ: ಬಟ್ಟೆಗೆ ತಪ್ಪು ಹೊಲಿಗೆ ಬಿದ್ದರೆ ಬಿಚ್ಚಿ ಮತ್ತೆ ಹೊಲಿಯಬಹುದು. ನೀರು ಚಿಮುಕಿಸಿ ಇಸ್ತ್ರಿ ಉಜ್ಜಿದರೆ ಹಳೇ ತೂತು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಚರ್ಮಕ್ಕೆ ಆ ಭಾಗ್ಯವಿಲ್ಲ. ಸೂಜಿ ಇಳಿದ ಕಡೆ ತೂತು ತೂತೇ. ಅದರ ಪಕ್ಕದಲ್ಲಿ ಮಿಷನ್ನಿನ ಫುಟ್ ಹಲ್ಲು ಕಚ್ಚಿದ ಗುರುತು ಬಿತ್ತೆಂದರೆ ಅದೂ ಹೋಗುವುದಿಲ್ಲ. ಮಾಲು ತಗೊಳ್ಳೋ ಅಂಗಡಿಯವರು ಪೌಚನ್ನು ಬೆಳಕಿಗೆ ಹಿಡಿದು ನೋಡಿ, “ಇದು ಬೇಡ, ಬೇರೆ ಕೊಡಿ” ಎಂದು ಪಕ್ಕಕ್ಕೆ ತಳ್ಳುತ್ತಾರೆ. ಹಾಗೆ ತಳ್ಳಿದ ಮಾಲಿನ ನಷ್ಟ ಯಾರ ತಲೆಗೆ? ಹೊಲಿದವನ ತಲೆಗೆ.

ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯ ಬಸ್ಸು ಹತ್ತುವವರ ಸೊಂಟ ನೋಡಿದರೆ ಈ ಮಾಲಿನ ಪರಿಚಯವಾಗುತ್ತದೆ. ಬೆಲ್ಟಿಗೆ ಸಿಕ್ಕಿಸಿದ ಮೊಬೈಲ್ ಪೌಚು, ಕನ್ನಡಕದ ಡಬ್ಬಿಯಂಥ ಕೇಸು, ಎಲೆಕ್ಟ್ರಿಷಿಯನ್ನಿನ ಅಳತೆ ಟೇಪಿನ ಕವರು. ಮಡಚಿ ಹೊಲಿದ ಚೀಲದಂತೆ ಇವು ಜೋಲು ಬೀಳುವುದಿಲ್ಲ. ಒಳಗಿನ ಸಾಮಾನಿನ ಆಕಾರಕ್ಕೆ ಉಬ್ಬಿ, ಗಟ್ಟಿಯಾಗಿ ನಿಂತಿರುತ್ತವೆ. ಕಸುಬಿನವರು ಇದನ್ನು ‘ಮೋಲ್ಡಿಂಗ್ ಕೇಸು’ ಎನ್ನುತ್ತಾರೆ. ಟ್ರಾನ್ಸಿಸ್ಟರ್ ರೇಡಿಯೊ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲೂ ಇಂಥವೇ ಕೇಸುಗಳಿದ್ದವು. ಒಳಗಿನ ಸಾಮಾನು ಬದಲಾಗಿದೆ, ಹೊಲಿಗೆಯ ಕಷ್ಟ ಮಾತ್ರ ಹಾಗೇ ಉಳಿದಿದೆ.

ನೆನೆಸಿದ ಚರ್ಮ, ಎದ್ದ ಗೋಡೆ

ಆ ಕಷ್ಟ ತಿಳಿಯಬೇಕಾದರೆ ಕೇಸು ತಯಾರಾಗುವ ಬಗೆ ಗೊತ್ತಿರಬೇಕು. ಎಲ್ಲ ಚರ್ಮವೂ ಇದಕ್ಕೆ ಆಗಿಬರುವುದಿಲ್ಲ. ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮವೇ ಬೇಕು. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುವ ಪದ್ಧತಿ ಹಳೆಯದು. ಇಂಥ ಚರ್ಮವನ್ನು ನೀರಿನಲ್ಲಿ ನೆನೆಸಿದರೆ ಕಲಸಿದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಮರದ ಅಚ್ಚಿನ ಮೇಲೆ ಎಳೆದು, ಒತ್ತಿ, ಬಿಗಿದು, ನೆರಳಿನಲ್ಲಿ ಒಣಗಿಸಿದರೆ ಅಚ್ಚಿನ ಆಕಾರವನ್ನೇ ಹಿಡಿದು ನಿಲ್ಲುತ್ತದೆ. ಜಾಕೀಟು, ಷೂಗಳಿಗೆ ಬಳಸುವ ಕ್ರೋಮ್ ಹದದ ಮೆತ್ತನೆ ಚರ್ಮ ಈ ರೀತಿ ಆಕಾರ ಹಿಡಿಯುವುದು ಕಷ್ಟ.

ಅಚ್ಚಿನಿಂದ ಬಿಡಿಸಿದಾಗ ಚರ್ಮ ಅಂಚಿರುವ ಟೋಪಿಯ ಹಾಗೆ ಕಾಣುತ್ತದೆ. ನಡುವೆ ಉಬ್ಬಿದ ಹೊಟ್ಟೆ, ಸುತ್ತ ಒಂದೂವರೆ ಸೆಂಟಿಮೀಟರಿನಷ್ಟು ಚಪ್ಪಟೆ ಅಂಚು. ಈ ಅಂಚನ್ನು ಹಿಂದಿನ ಚಪ್ಪಟೆ ಚರ್ಮಕ್ಕೆ ಸೇರಿಸಿ ಹೊಲಿಯಬೇಕು. ಹೊಲಿಗೆ ಉಬ್ಬಿನ ಬುಡಕ್ಕೆ ಆದಷ್ಟು ಹತ್ತಿರ ಬೀಳಬೇಕು. ದೂರ ಬಿದ್ದರೆ ಫೋನು ಒಳಗೆ ಅಲುಗಾಡುತ್ತದೆ, ಅಂಚು ಬಾಯಿ ಬಿಡುತ್ತದೆ.

ಇಲ್ಲೇ ಗಂಟು ಬೀಳುವುದು. ಉಬ್ಬಿದ ಹೊಟ್ಟೆ ಗೋಡೆಯಂತೆ ಎದ್ದು ನಿಂತಿದೆ. ಮಾಮೂಲು ಫುಟ್‌ಗೆ ಸೂಜಿಯ ಎಡಕ್ಕೊಂದು ಬಲಕ್ಕೊಂದು ಎರಡು ಬೆರಳು. ಒಂದು ಬೆರಳು ಹೋಗಿ ಗೋಡೆಗೆ ಢಿಕ್ಕಿ ಹೊಡೆಯುತ್ತದೆ. ಒಂದೋ ಹೊಲಿಗೆ ದೂರ ಸರಿಯುತ್ತದೆ, ಇಲ್ಲವೇ ಫುಟ್ ಗೋಡೆಯನ್ನು ತುಳಿದು ಕೇಸಿನ ಆಕಾರವನ್ನೇ ಕೆಡಿಸುತ್ತದೆ.

“ಜೂಕಿ” ಅಂದ್ರೆ ಸಾಲದು

ಕಲ್ಯಾಣ ನಗರ, ಕಮ್ಮನಹಳ್ಳಿ, ಬಾಣಸವಾಡಿ ಕಡೆ ಟೈಲರಿಂಗು, ಬ್ಯಾಗು ರಿಪೇರಿ ಅಂಗಡಿಗಳಿಗೆ ಬರವಿಲ್ಲ. ಚರ್ಮದ ಹದದ ಹೆಸರನ್ನೇ ಹೊತ್ತ ಟ್ಯಾನರಿ ರಸ್ತೆ, 1809ರಲ್ಲಿ ದಂಡು ಬಂದು ನೆಲೆಸಿದ ಮೇಲೆ ಬೆಳೆದ ಶಿವಾಜಿನಗರದ ಪೇಟೆ, ಎರಡೂ ಇಲ್ಲಿಂದ ದೂರವಿಲ್ಲ. ಚರ್ಮ, ದಾರ, ಬಕಲ್ಲು ತರಲು ಒಂದು ಬಸ್ಸು ಸಾಕು. ಹೊಸದಾಗಿ ಕೇಸು ಹೊಲಿಯುವ ಆಸೆ ಹುಟ್ಟಿದವನು ಮೊದಲು ಹುಡುಕುವುದು ಗಾರ್ಮೆಂಟ್ಸ್‌ನಿಂದ ಹೊರಬಿದ್ದ ಹಳೇ ಮಿಷನ್ನನ್ನು. ಅಗ್ಗಕ್ಕೆ ಸಿಗುತ್ತೆ, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತೆ. ತಪ್ಪೇನಿಲ್ಲ. ಆದರೆ ಅದು ಬಟ್ಟೆಗೆ ಹುಟ್ಟಿದ ಮಿಷನ್ನು. ಅದನ್ನು ಚರ್ಮಕ್ಕೆ ಒಗ್ಗಿಸೋಣ ಎಂದು ಬಿಡಿಭಾಗದ ಅಂಗಡಿಗೆ ಹೋದರೆ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಭಾಯ್, ಲೆದರ್ ಹೊಲಿಯೋಕೆ ಒಂದು ಫುಟ್ ಕೊಡಿ.”

“ಯಾವ ಮಿಷನ್ನು ಅಣ್ಣಾ?”

“ಜೂಕಿ.”

“ತಗೊಳ್ಳಿ, ಟೆಫ್ಲಾನ್. ಹಾಕ್ಕೊಂಡು ನೋಡಿ, ಬೆಣ್ಣೆ ತರ ಓಡುತ್ತೆ.”

ಕೊಟ್ಟವರು ಸುಳ್ಳು ಹೇಳಲಿಲ್ಲ. ಟೆಫ್ಲಾನ್ ಜಾರುವ ವಸ್ತು. ಚರ್ಮ ಅದಕ್ಕೆ ಅಂಟಿಕೊಳ್ಳದೆ ಓಡುತ್ತದೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ. ಏನು ಹೊಲಿಯೋದು? ಅದರ ಗೋಡೆ ಯಾವ ಕಡೆ? ಗೋಡೆಗೂ ಹೊಲಿಗೆಗೂ ಎಷ್ಟು ಅಂತರ? ಇವಕ್ಕೆ ಉತ್ತರ ಸಿಕ್ಕ ಮೇಲೇ ಫುಟ್ ಆರಿಸಲು ಸಾಧ್ಯ.

ಎಡಬೆರಳೋ ಬಲಬೆರಳೋ?

ಉಬ್ಬಿದ ಕೇಸಿಗೆ ಬೇಕಾದದ್ದು ಒಂಟಿ ಬೆರಳಿನ ಫುಟ್. ಪ್ಯಾಂಟಿಗೆ ಜಿಪ್ ಹಾಕುವಾಗ ಟೈಲರು ಬಳಸುವ ಫುಟ್ ನೆನಪಿಸಿಕೊಂಡರೆ ಸಾಕು, ಅದೇ ಜಾತಿ. ಎಡಬೆರಳಿನದು, ಬಲಬೆರಳಿನದು ಎಂದು ಎರಡು ಬಗೆ ಸಿಗುತ್ತವೆ.

ಯಾವುದು ಬೇಕು ಎಂದು ತಿಳಿಯಲು ಮಿಷನ್ನಿನ ಮುಂದೆ ಕುಳಿತು ಕೇಸನ್ನು ಸೂಜಿಯ ಕೆಳಗೆ ಇಟ್ಟು ನೋಡಬೇಕು. ಮಿಷನ್ನಿನ ಕತ್ತು ಬಲಗಡೆ ಇರುವುದರಿಂದ ಆ ಕಡೆ ಜಾಗ ಕಡಿಮೆ. ಮಾಲಿನ ದೊಡ್ಡ ಭಾಗವನ್ನು ಎಡಕ್ಕೆ ಬಿಟ್ಟು ಹೊಲಿಯುವುದೇ ರೂಢಿ. ಹಾಗಿಟ್ಟರೆ ಉಬ್ಬಿನ ಗೋಡೆ ಸೂಜಿಯ ಎಡಕ್ಕೆ, ಚಪ್ಪಟೆ ಅಂಚು ಬಲಕ್ಕೆ. ಆಗ ಬೇಕಾದದ್ದು ಬಲಬೆರಳಿನ ಫುಟ್. ಎಡಗಡೆ ಬೆರಳಿಲ್ಲದ ಕಾರಣ ಸೂಜಿ ಗೋಡೆಯ ಬುಡಕ್ಕೇ ಹೋಗಿ ಇಳಿಯುತ್ತದೆ. ಕೇಸನ್ನು ಬಲಕ್ಕಿಟ್ಟು ಹೊಲಿಯುವ ಅಭ್ಯಾಸದವರಿಗೆ ಎಡಬೆರಳಿನದು ಬೇಕು. ಅಂಗಡಿಯಲ್ಲಿ ನಿಂತು ಊಹಿಸಿ ಕೊಂಡರೆ ಅರ್ಧಕ್ಕರ್ಧ ತಪ್ಪುವ ಸಂಭವ.

ಒಂಟಿ ಬೆರಳಿಗೆ ಒಂದು ದೋಷವೂ ಇದೆ. ಎರಡು ಬೆರಳು ಹೊರುತ್ತಿದ್ದ ಒತ್ತಡವೆಲ್ಲ ಒಂದರ ಮೇಲೇ ಬೀಳುತ್ತದೆ. ಗುರುತು ಇನ್ನಷ್ಟು ಆಳಕ್ಕೆ ಕೂರುತ್ತದೆ. ಮಿಷನ್ನಿನ ತಲೆಯ ಮೇಲಿನ ಒತ್ತಡದ ಸ್ಕ್ರೂ ಸ್ವಲ್ಪ ಸಡಿಲಿಸಬೇಕು. ತೀರಾ ಸಡಿಲಿಸಿದರೆ ಸೂಜಿ ಮೇಲೇಳುವಾಗ ಚರ್ಮವನ್ನೂ ಎತ್ತಿಕೊಂಡು ಬರುತ್ತದೆ, ಹೊಲಿಗೆ ತಪ್ಪುತ್ತದೆ. ಚರ್ಮ ಮೇಲೇಳದಷ್ಟು ಒತ್ತಡ ಇದ್ದರೆ ಸಾಕು, ಅದಕ್ಕಿಂತ ಹೆಚ್ಚು ಬೇಡ.

ಕಾಸಿಲ್ಲದವರು ಇನ್ನೊಂದು ದಾರಿ ಕಂಡುಕೊಂಡಿದ್ದಾರೆ. ಹಳೇ ಎರಡು ಬೆರಳಿನ ಫುಟ್ ತೆಗೆದುಕೊಂಡು ಬೇಡದ ಬೆರಳನ್ನು ಗ್ರೈಂಡರಿಗೆ ಹಿಡಿದು ತೇದುಬಿಡುವುದು. ಆಮೇಲೆ ನುಣುಪಾದ ಎಮರಿ ಕಾಗದದಲ್ಲಿ ತಳ, ಅಂಚು ಎಲ್ಲ ಉಜ್ಜಿ ಕನ್ನಡಿಯಂತೆ ಮಾಡಬೇಕು. ಉಗುರಿಗೆ ತಡೆಯುವಷ್ಟು ಮೊನೆ ಉಳಿದರೂ ಅದು ಚರ್ಮದ ಮೇಲೆ ಉದ್ದಕ್ಕೂ ಗೀರು ಎಳೆಯುತ್ತದೆ.

ಮೇಲಿನದು ನಿಲ್ಲುತ್ತೆ, ಕೆಳಗಿನದು ಓಡುತ್ತೆ

ಬೆರಳಿನ ಲೆಕ್ಕ ಮುಗಿದರೆ ಓಟದ ಲೆಕ್ಕ. ಸಾದಾ ಮಿಷನ್ನಿನಲ್ಲಿ ಮಾಲನ್ನು ಮುಂದೆ ತಳ್ಳುವುದು ಕೆಳಗಿನ ಹಲ್ಲು ಮಾತ್ರ. ಫುಟ್ ಮೇಲಿಂದ ಒತ್ತಿಕೊಂಡು ಸುಮ್ಮನಿರುತ್ತದೆ. ಕೆಳಗಿನ ಪದರ ಓಡುತ್ತದೆ, ಮೇಲಿನದು ಫುಟ್‌ಗೆ ಅಂಟಿಕೊಂಡು ಹಿಂದೆ ಬೀಳುತ್ತದೆ. ಬಟ್ಟೆಯಾದರೆ ಕೈಯಲ್ಲಿ ಎಳೆದು ಸರಿಮಾಡಬಹುದು. ಅಚ್ಚಿನಲ್ಲಿ ಗಟ್ಟಿಯಾದ ಕೇಸು ಎಳೆದರೆ ಬರುತ್ತದೆಯೇ? ಕೊನೆಯ ಮೂಲೆಗೆ ಬರುವಷ್ಟರಲ್ಲಿ ಮೇಲಿನ ಅಂಚು, ಕೆಳಗಿನ ಅಂಚು ಬೇರೆ ಬೇರೆ ದಾರಿ ಹಿಡಿದಿರುತ್ತವೆ.

ಟೆಫ್ಲಾನ್ ಫುಟ್, ಸಣ್ಣ ಚಕ್ರವಿರುವ ರೋಲರ್ ಫುಟ್ ಈ ಅಂಟನ್ನು ಕಡಿಮೆ ಮಾಡುತ್ತವೆ. ತಿರುವುಗಳಲ್ಲಿ ರೋಲರ್ ಅನುಕೂಲ, ಚಕ್ರ ನೆಲಕ್ಕೆ ತಾಗುವ ಜಾಗ ಕಡಿಮೆ ಇರುವುದರಿಂದ ಸುಲಭವಾಗಿ ಹೊರಳುತ್ತದೆ. ಹೊಲಿಯುವ ಮುಂಚೆ ಅಂಚುಗಳನ್ನು ಗೋಂದು ಹಾಕಿ ಅಂಟಿಸಿಬಿಟ್ಟರೆ ಪದರ ಜರುಗುವ ಕಾಟ ಬಹುಪಾಲು ತಪ್ಪುತ್ತದೆ.

ಪೂರಾ ಪರಿಹಾರ ಬೇಕಾದರೆ ‘ವಾಕಿಂಗ್ ಫುಟ್’ ಮಿಷನ್ನು. ಹೆಸರೇ ಹೇಳುವಂತೆ ಅದು ಹೆಜ್ಜೆ ಹಾಕುತ್ತದೆ. ಅದರಲ್ಲಿ ಫುಟ್ ಒಂದಲ್ಲ, ಎರಡು. ಒಳಗಿನ ಫುಟ್, ಸೂಜಿ, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹಿಡಿದು ಮಾಲನ್ನು ಒಯ್ಯುತ್ತವೆ. ಅವು ವಾಪಸು ಬರುವಷ್ಟು ಹೊತ್ತು ಹೊರಗಿನ ಫುಟ್ ಮಾಲನ್ನು ಅದುಮಿ ಹಿಡಿಯುತ್ತದೆ. ಪದರ ಜರುಗುವ ಮಾತೇ ಕಡಿಮೆ.

ಆದರೆ ಇಲ್ಲೂ ಫುಟ್ ಕಾಟ ತಪ್ಪಿದ್ದಲ್ಲ. ಈ ಮಿಷನ್ನುಗಳು ಸೋಫಾ, ಕಾರಿನ ಸೀಟು, ಟಾರ್ಪಾಲು ಹೊಲಿಯಲೂ ಬಳಕೆಯಾಗುವುದರಿಂದ ಹಲವಕ್ಕೆ ತಳದಲ್ಲಿ ಗರಗಸದಂಥ ಹಲ್ಲಿರುವ ಫುಟ್ ಹಾಕಿರುತ್ತಾರೆ. ಕ್ಯಾನ್ವಾಸಿಗೆ ಅದು ಸರಿ. ತೊಗಟೆ ಹದದ ಚರ್ಮದ ಮೇಲೆ ಅದು ಹೆಜ್ಜೆಹೆಜ್ಜೆಗೂ ಮುದ್ರೆ ಒತ್ತುತ್ತಾ ಹೋಗುತ್ತದೆ. ನುಣುಪು ತಳದ ಜೋಡಿ ಕೇಳಿ ಪಡೆಯಬೇಕು. ಒಳಗಿನದು, ಹೊರಗಿನದು ಜೊತೆಯಾಗಿ ಒಂದಕ್ಕೊಂದು ಹೊಂದುವಂತಿರಬೇಕು. ಕೇಸಿನ ಕೆಲಸಕ್ಕೆ ಹೊರಗಿನ ಫುಟ್‌ನಲ್ಲೂ ಒಂದೇ ಬೆರಳಿರುವುದು ಸಿಗುತ್ತದೆ.

ಎರಡೂ ಕಡೆ ಹೊಟ್ಟೆ ಇದ್ದರೆ?

ಕೆಲವು ಕೇಸಿಗೆ ಮುಂದೆಯೂ ಉಬ್ಬು, ಹಿಂದೆಯೂ ಉಬ್ಬು. ಕನ್ನಡಕದ ಕೇಸಿನಲ್ಲಿ ಇದು ಸಾಮಾನ್ಯ. ಮೇಲಿನ ಉಬ್ಬಿಗೆ ಒಂಟಿ ಬೆರಳಿನ ಫುಟ್ ಹಾಕಿದಿರಿ, ಸರಿ. ಕೆಳಗಿನ ಉಬ್ಬು ಮಿಷನ್ನಿನ ಚಪ್ಪಟೆ ಹಾಸಿನ ಮೇಲೆ ಕೂರುವುದೆಲ್ಲಿ? ಕೇಸು ಓರೆಯಾಗಿ ನಿಲ್ಲುತ್ತದೆ, ಹೊಲಿಗೆಯೂ ಓರೆ. ಇಲ್ಲಿ ಯಾವ ಫುಟ್ ತಂದರೂ ಪ್ರಯೋಜನವಿಲ್ಲ. ಷೂ ಕಸುಬಿನವರು ಬಳಸುವ ಕಂಬದ ಮಿಷನ್ನು, ಅಂದರೆ ಹಲ್ಲು ಹಾಸಿನಿಂದ ಮೇಲೆದ್ದ ಕಂಬದ ತುದಿಯಲ್ಲಿರುವ ‘ಪೋಸ್ಟ್ ಬೆಡ್’ ಬೇಕು. ಇಲ್ಲವೇ ತೋಳಿನ ಹಾಗೆ ಚಾಚಿದ ‘ಸಿಲಿಂಡರ್’ ಮಿಷನ್ನು. ಕೆಳಗಿನ ಉಬ್ಬು ಕಂಬದ ಪಕ್ಕದಲ್ಲಿ ಇಳಿಬಿದ್ದುಕೊಂಡು ಸುತ್ತುತ್ತದೆ.

ಇದನ್ನು ಮೊದಲೇ ತಿಳಿಯದೆ ಚಪ್ಪಟೆ ಮಿಷನ್ನು ಕೊಂಡವರು ಆಮೇಲೆ ಫುಟ್ ಮೇಲೆ ಫುಟ್ ಕೊಳ್ಳುತ್ತಾ ಹೋಗುತ್ತಾರೆ. ಡ್ರಾಯರಿನಲ್ಲಿ ಹತ್ತು ಫುಟ್, ಕೈಯಲ್ಲಿ ಒಂದೂ ಸರಿಯಾದ ಕೇಸಿಲ್ಲ. ಅಂಥವರಿಗೆ ಎರಡು ಬುದ್ಧಿವಂತಿಕೆಯ ದಾರಿ ಇವೆ: ಕೇಸಿನ ಹಿಂಭಾಗವನ್ನು ಚಪ್ಪಟೆಯಾಗಿ ಬದಲಾಯಿಸಿಕೊಳ್ಳುವುದು, ಅಥವಾ ಆ ಒಂದು ಮಾದರಿಯನ್ನು ಕೈಯಲ್ಲಿ ಹೊಲಿಯುವುದು. ಉಳಿಯಲ್ಲಿ ತೂತು ಚುಚ್ಚಿ, ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ ಎದುರುಬದುರಾಗಿ ಹೊಲಿಯುವ ಹಳೇ ಜೀನುಗಾರರ ಹೊಲಿಗೆಗೆ ಫುಟ್ ಹಂಗಿಲ್ಲ. ಒಂದು ಕಡೆ ದಾರ ತುಂಡಾದರೂ ಉಳಿದದ್ದು ಹಿಡಿದುಕೊಂಡಿರುತ್ತದೆ. ಹೊತ್ತು ಹಿಡಿಯುತ್ತೆ, ನಿಜ. ಬೆಲೆಯೂ ಅದಕ್ಕೆ ತಕ್ಕಂತೆ ಕೇಳಬಹುದು.

ಸೂಜಿಗೂ ಫುಟ್‌ಗೂ ಜಗಳ

ಫುಟ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ದಪ್ಪ ನೈಲಾನ್ ದಾರಕ್ಕೆ ದಪ್ಪ ಸೂಜಿ ಬೇಕು, 18ರಿಂದ 22ನೇ ನಂಬರಿನವರೆಗೆ. ಗಾರ್ಮೆಂಟ್ ಫುಟ್‌ನ ಸೂಜಿ ಸಂದು, ಅದರ ಕೆಳಗಿನ ತಗಡಿನ ತೂತು ಇರುವುದು ತೆಳ್ಳನೆ ಸೂಜಿಗೆ. 22ನೇ ನಂಬರ್ ಹಾಕಿ ಮೋಟಾರು ಒತ್ತಿದರೆ ಸೂಜಿ ಫುಟ್‌ಗೆ ಬಡಿದು ಚೂರಾಗಿ ಮುಖಕ್ಕೆ ಹಾರೀತು. ಹೊಸ ಫುಟ್ ಹಾಕಿದಾಗಲೆಲ್ಲ ಮೊದಲು ಕೈಯಲ್ಲಿ ಚಕ್ರ ತಿರುಗಿಸಿ, ಸೂಜಿ ಎಲ್ಲೂ ತಾಗದೆ ಇಳಿದು ಏಳುತ್ತದೆಯೇ ಎಂದು ನೋಡುವುದು ಕ್ಷೇಮ.

ಚರ್ಮದ ಸೂಜಿಯ ಮೊನೆ ಪುಟ್ಟ ಚಾಕುವಿನಂತೆ ಕೊಯ್ಯುತ್ತದೆ. ಹೊಲಿಗೆ ತೀರಾ ಹತ್ತಿರ ಹತ್ತಿರ ಹಾಕಿದರೆ ಅಂಚೆ ಚೀಟಿಯ ತೂತಿನ ಸಾಲಿನಂತಾಗಿ ಒಂದು ದಿನ ಅಲ್ಲೇ ಹರಿಯುತ್ತದೆ. ಒಂದು ಇಂಚಿಗೆ ಆರರಿಂದ ಎಂಟು ಹೊಲಿಗೆ ಸಾಕು.

ಇನ್ನೊಂದು ಎಚ್ಚರ ನೀರಿನದು. ಅಚ್ಚಿನಿಂದ ತೆಗೆದ ಕೇಸು ಪೂರ್ತಿ ಒಣಗದೆ ಮಿಷನ್ನಿಗೆ ಹೋಗಬಾರದು. ಒದ್ದೆ ಚರ್ಮ ಹಸಿ ಮಣ್ಣಿನ ಹಾಗೆ. ಫುಟ್ ಇಟ್ಟಲ್ಲೆಲ್ಲ ಗುರುತು. ಅಷ್ಟೇ ಅಲ್ಲ, ತೊಗಟೆ ಹದದ ಚರ್ಮಕ್ಕೆ ಒದ್ದೆಯಲ್ಲಿ ಕಬ್ಬಿಣ ತಾಗಿದರೆ ಕಪ್ಪು ಕಲೆ ಕೂರುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ ಇದು. ಬೇಡದ ಕಡೆ ಮಸಿ ತಯಾರಾದಂತೆ.

ಒಂದು ಕೇಸು ಕೆಟ್ಟರೆ ನಾಲ್ಕು ಪುಕ್ಕಟೆ

ಇಷ್ಟೆಲ್ಲ ಸಣ್ಣ ವಿಷಯಕ್ಕೆ ಇಷ್ಟು ರಾಮಾಯಣ ಬೇಕೇ ಎನ್ನುವವರು ಒಂದು ಲೆಕ್ಕ ಹಾಕಿ ನೋಡಬಹುದು. ಒಂದು ಪೌಚಿಗೆ ಚರ್ಮ, ಬಕಲ್ಲು, ದಾರ ಸೇರಿ 150 ರೂಪಾಯಿ ಸಾಮಾನು, ಹೊಲಿಗೆ ಕೂಲಿ 40 ರೂಪಾಯಿ ಎಂದಿಟ್ಟುಕೊಳ್ಳಿ. ಹೊಲಿಗೆಯಲ್ಲಿ ಪೌಚು ಕೆಟ್ಟು, ಸಾಮಾನಿನ ಕಾಸು ಕೂಲಿಯಲ್ಲಿ ಮುರಿದುಕೊಂಡರೆ? ಆ 150 ಹುಟ್ಟಿಸಲು ಹೆಚ್ಚುಕಮ್ಮಿ ನಾಲ್ಕು ಪೌಚು ಪುಕ್ಕಟೆ ಹೊಲಿಯಬೇಕು. ಪೀಸ್ ಲೆಕ್ಕದಲ್ಲಿ ದುಡಿಯುವವನಿಗೆ ಇದು ಅರ್ಧ ದಿನದ ಮಾತು. ಕೆಲಸ ಕೊಡುವವರೂ ಯೋಚಿಸಬೇಕಾದದ್ದಿದೆ. ಮಿಷನ್ನು, ಫುಟ್ ತಮ್ಮದೇ ಆಗಿದ್ದು ಅದು ಕೆಲಸಕ್ಕೆ ಹೊಂದದ್ದಾದರೆ, ಗುರುತು ಬಿದ್ದ ಮಾಲಿನ ದಂಡ ಹುಡುಗನ ಕೂಲಿಯಿಂದ ಮುರಿಯುವುದು ಯಾವ ನ್ಯಾಯ?

ರಾಜ್ಯದಲ್ಲಿ ಚರ್ಮ ಕುಶಲಕರ್ಮಿಗಳಿಗಾಗಿ 1976ರಲ್ಲೇ ಲಿಡ್ಕರ್ ನಿಗಮ ಹುಟ್ಟಿತು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಚಮ್ಮಾರಿಕೆಯೂ ಇದೆ, ಟೈಲರಿಂಗೂ ಇದೆ. ತರಬೇತಿಯ ಜೊತೆಗೆ ಉಪಕರಣಕ್ಕೆಂದು 15,000 ರೂಪಾಯಿವರೆಗಿನ ವೋಚರು, ಮೊದಲ ಕಂತಿನಲ್ಲಿ ಒಂದು ಲಕ್ಷ ರೂಪಾಯಿವರೆಗೆ ಅಡಮಾನವಿಲ್ಲದ ಸಾಲ ಅದರಲ್ಲಿ ಸೇರಿದೆ. 15,000ಕ್ಕೆ ಹೊಸ ವಾಕಿಂಗ್ ಫುಟ್ ಮಿಷನ್ನು ಬರುವುದಿಲ್ಲ, ಖರೆ. ಆದರೆ ಇರುವ ಮಿಷನ್ನಿಗೆ ಸರಿಯಾದ ಫುಟ್, ಸೂಜಿ, ಅಚ್ಚು ಹೊಂದಿಸಿಕೊಳ್ಳಲು ಅದು ಸಣ್ಣ ಮೊತ್ತವೂ ಅಲ್ಲ. ತರಬೇತಿ ಕೊಡುವವರು ಮಿಷನ್ನು ಓಡಿಸುವುದನ್ನು ಕಲಿಸಿದಷ್ಟೇ ಮುತುವರ್ಜಿಯಿಂದ ಫುಟ್ ಆರಿಸುವುದನ್ನೂ ಕಲಿಸಿದರೆ ಎಷ್ಟೋ ಚರ್ಮ ಉಳಿದೀತು.

ಕೊಳ್ಳುವವರು ನೋಡಬೇಕಾದ್ದು

ಫುಟ್ ಕೊಳ್ಳಲು ಹೋಗುವವರು ಮೂರು ವಸ್ತು ಜೇಬಿಗೆ ಹಾಕಿಕೊಂಡು ಹೋಗಲಿ. ಮಿಷನ್ನಿನ ಮಾಡೆಲ್ ನಂಬರು ಬರೆದ ಚೀಟಿ, ಬಿಚ್ಚಿದ ಹಳೇ ಫುಟ್, ಹೊಲಿಯದೆ ಉಳಿದ ಒಂದು ಕೇಸು. ಮನೆ ಮಿಷನ್ನಿನ ಫುಟ್ ಗಾರ್ಮೆಂಟ್ ಮಿಷನ್ನಿಗೆ ಕೂರದು, ಗಾರ್ಮೆಂಟಿನದು ವಾಕಿಂಗ್ ಮಿಷನ್ನಿಗೆ ಕೂರದು. “ಎಲ್ಲದಕ್ಕೂ ಆಗುತ್ತೆ” ಎಂಬ ಮಾತು ಕೇಳಿದರೆ ಹಳೇ ಫುಟ್ ಪಕ್ಕದಲ್ಲಿಟ್ಟು ಕತ್ತಿನ ಎತ್ತರ, ಸ್ಕ್ರೂ ಕೂರುವ ಜಾಗ ಹೋಲಿಸಿ ನೋಡುವುದು ಮೇಲು. ತಂದ ಮೇಲೆ ನೇರ ಕೇಸಿಗೆ ಕೈಹಾಕದೆ, ಅದೇ ಚರ್ಮದ ತುಣುಕು, ಅಷ್ಟೇ ಪದರ ಇಟ್ಟು ಒಂದು ಗೇಣು ಹೊಲಿದು, ಹಿಂದೆ ಮುಂದೆ ತಿರುಗಿಸಿ ನೋಡಬೇಕು.

ಪೌಚು ಕೊಳ್ಳುವ ಅಂಗಡಿಯವರಿಗೂ ಬಸ್ಸಿನ ಪ್ರಯಾಣಿಕರಿಗೂ ಪರೀಕ್ಷೆ ಸುಲಭ. ಉಬ್ಬಿನ ಬುಡಕ್ಕೂ ಹೊಲಿಗೆಗೂ ಅಂತರ ಸುತ್ತ ಒಂದೇ ಸಮ ಇದೆಯೇ? ಹೊಲಿಗೆಗಳ ಉದ್ದ ಮೂಲೆಯಲ್ಲೂ ಅಷ್ಟೇ ಇದೆಯೇ? ಹೊಲಿಗೆಯ ಪಕ್ಕದಲ್ಲಿ ಗರಗಸದ ಗೀರು ಇದೆಯೇ? ಹಿಂಬದಿಯಲ್ಲಿ ದಾರ ಕುಣಿಕೆಯಾಗಿ ಜೋತಿದೆಯೇ? ಕೊನೆಯದು ಎಲ್ಲಕ್ಕಿಂತ ಮುಖ್ಯ. ಜೋತ ದಾರ ಸೀಟಿನ ಕಂಬಿಗೆ ಸಿಕ್ಕಿ ಒಮ್ಮೆ ತುಂಡಾಯಿತೆಂದರೆ ಹೊಲಿಗೆ ಅಲ್ಲಿಂದ ಬಿಚ್ಚಿಕೊಳ್ಳಲು ಶುರು. ಪೌಚಿನ ಬೆಲೆ ಕೆಲವು ನೂರು ರೂಪಾಯಿ, ಒಳಗಿನ ಫೋನಿನ ಬೆಲೆ ಎಷ್ಟು ಸಾವಿರವೋ!

ಅಂಗಡಿಯವರು ಚೌಕಾಸಿ ಮಾಡುವಾಗ ಇನ್ನೊಂದು ಮಾತು ನೆನಪಿಡಲಿ. ಗುರುತಿಲ್ಲದೆ, ಗೋಡೆಯ ಬುಡಕ್ಕೇ ಅಂಟಿದಂತೆ ಹೊಲಿದ ಪೌಚು ಕೈಗೆ ಬಂದರೆ, ಹೊಲಿದವನು ಫುಟ್ ತೇದು, ಒತ್ತಡ ಹೊಂದಿಸಿ, ತುಣುಕಿನ ಮೇಲೆ ಹೊಲಿದು ನೋಡಿ ಆಮೇಲೆ ಕೈಹಾಕಿದ್ದಾನೆ ಎಂದರ್ಥ. ಅದಕ್ಕೂ ಗೀರು ಬಿದ್ದ ಮಾಲಿಗೂ ಒಂದೇ ರೇಟು ಕಟ್ಟಿದರೆ, ಮುಂದಿನ ಡಜನ್ನಿಗೆ ಆ ಕಷ್ಟ ತೆಗೆದುಕೊಳ್ಳುವವರು ಯಾರು?